ಗಂಟು ಕಟ್ಟಿದವರು

ಆ ವರ್ಷದ ಜನವರಿ 26ರಂದು ನಮ್ಮ ವಿಶಾಖಪಟ್ಟಣದ ಕಚೇರಿಯಲ್ಲಿ ಧ್ವಜ ಬಿಚ್ಚಿಕೊಳ್ಳಲಿಲ್ಲ. ಅಧಿಕಾರಿಗಳು ಹಗ್ಗ ಎಳೆದರು. ಕಂಬದ ತುದಿಯಲ್ಲಿ ಮಡಿಸಿ ಕಟ್ಟಿದ್ದ ಬಟ್ಟೆ ಒಮ್ಮೆ ಅಲುಗಿ ಸುಮ್ಮನಾಯಿತು. ಎರಡನೆಯ ಬಾರಿ ಎಳೆದಾಗ ಗಂಟು ಇನ್ನಷ್ಟು ಬಿಗಿಯಿತು. ರಾಷ್ಟ್ರಗೀತೆಗೆ ಸಿದ್ಧವಾಗಿ ನೆಟ್ಟಗೆ ನಿಂತಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳದೆ ಕಂಬದ ತುದಿಯನ್ನೇ ನೋಡುತ್ತ ನಿಂತೆವು. ಕೊನೆಗೆ ಧ್ವಜವನ್ನು ಕೆಳಗಿಳಿಸಿ, ಕೈಯಿಂದ ಗಂಟು ಬಿಡಿಸಿ, ಮತ್ತೆ ಮೇಲೇರಿಸಬೇಕಾಯಿತು. ಹಿಂದಿನ ಸಾಲಿನಲ್ಲಿದ್ದ ಯಾರೋ ತೆಲುಗಿನಲ್ಲಿ ಮೆಲ್ಲಗೆ, 'ಬಾಬಾಯ್ ಲೇಡು ಕದಾ' ಎಂದರು. ಬಾಬಾಯ್ ಇಲ್ಲವಲ್ಲ ಎಂದು.

ಬಾಬಾಯ್ ಎಂದರೆ ತೆಲುಗಿನಲ್ಲಿ ಚಿಕ್ಕಪ್ಪ. ಕಚೇರಿಯಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದ ಅಟೆಂಡರ್ ಒಬ್ಬರು ಹಿಂದಿನ ಮೇ ತಿಂಗಳಲ್ಲಿ ನಿವೃತ್ತರಾಗಿದ್ದರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಮಾತಾಡಿದವರೆಲ್ಲ ಅವರ ಸಮಯಪಾಲನೆಯನ್ನು ಹೊಗಳಿದರು. ನಾವೂ ಅದನ್ನೇ ಹೇಳಿದೆವು. ಇಪ್ಪತ್ತಕ್ಕೂ ಹೆಚ್ಚು ವರ್ಷ ಪ್ರತಿ ಆಗಸ್ಟ್ 15 ಮತ್ತು ಜನವರಿ 26ರ ಬೆಳಗಿನ ಜಾವ ಬಂದು ಧ್ವಜ ಮಡಿಸಿ, ಹೂವಿನ ಎಸಳು ತುಂಬಿ ಗಂಟು ಕಟ್ಟುತ್ತಿದ್ದವರು ಅವರು. ಸಮುದ್ರದ ಗಾಳಿಗೆ ಅಂಚು ಹರಿದ ಹಳೆಯ ಧ್ವಜಗಳನ್ನು ಧ್ವಜಸಂಹಿತೆ ಹೇಳುವಂತೆ ಯಾರೂ ಇಲ್ಲದ ಹೊತ್ತಿನಲ್ಲಿ ಗೌರವದಿಂದ ಸುಟ್ಟವರೂ ಅವರೇ. ಇದಾವುದೂ ಆ ದಿನ ಯಾರ ಬಾಯಲ್ಲೂ ಬರಲಿಲ್ಲ. ಮರೆತೆವು ಎನ್ನುವುದೂ ಸರಿಯಾಗದು, ನಮಗೆ ಗೊತ್ತೇ ಇರಲಿಲ್ಲ. ಹಗ್ಗ ಎಳೆದ ಅಧಿಕಾರಿಗಳ ಹೆಸರು ಮಾತ್ರ ಪ್ರತಿ ವರ್ಷವೂ ಕಚೇರಿಯ ವರದಿಯಲ್ಲಿ ಅಚ್ಚಾಗಿತ್ತು.

ನಮ್ಮ ಕಚೇರಿಯಲ್ಲಿ ನಾವು ಮೂವರು ಕನ್ನಡಿಗರು: ಬಳ್ಳಾರಿಯವರೊಬ್ಬರು, ಧಾರವಾಡದವರೊಬ್ಬರು, ಶಿವಮೊಗ್ಗದವರೊಬ್ಬರು. ಅಂದು ಸಂಜೆ ಧ್ವಜ ಇಳಿಸಿ ಮಡಿಸುವ ಕೆಲಸ, ಬೇರೆ ಯಾರೂ ಮುಂದೆ ಬಾರದ ಕಾರಣ, ನಮ್ಮ ಪಾಲಿಗೆ ಬಂತು. ಹಗ್ಗ ತೂರಿಸುವ ದಪ್ಪ ಬಟ್ಟೆಯ ಪಟ್ಟಿಯ ಮೇಲೆ ಮಸುಕಾಗಿ ಒಂದು ಮುದ್ರೆಯಿತ್ತು. ಧಾರವಾಡದವರು ಕನ್ನಡಕ ಏರಿಸಿಕೊಂಡು ಓದಿ, 'ಅಯ್ಯ, ಇದು ನಮ್ಮ ಹುಬ್ಬಳ್ಳಿದರೀ!' ಎಂದು ಊರ ನೆಂಟರನ್ನು ಕಂಡವರಂತೆ ಹಿಗ್ಗಿದರು. ಈ ಬರಹದ ಮೂಲ ಆ ಮುದ್ರೆ. ಧ್ವಜವೊಂದರ ಹಿಂದೆ ಎಷ್ಟು ಕೈಗಳಿವೆ, ಅವುಗಳಲ್ಲಿ ಎಷ್ಟರ ಹೆಸರು ನಮಗೆ ಗೊತ್ತು ಎಂದು ಕೇಳಿಕೊಳ್ಳುತ್ತ ಹೊರಟ ನಮ್ಮನ್ನು ಅದು ಮೊದಲು ವಿಜಯವಾಡಕ್ಕೆ, ಅಲ್ಲಿಂದ ತಿರುಗಿ ನಮ್ಮದೇ ನಾಡಿಗೆ ಕರೆದೊಯ್ದಿತು.

ವಿಜಯವಾಡಕ್ಕೆ ಕಚೇರಿಯ ಕೆಲಸದ ಮೇಲೆ ಹೋಗುವುದು ನಮಗೆ ಹೊಸದಲ್ಲ. ಮಧ್ಯಾಹ್ನದ ರತ್ನಾಚಲ ಎಕ್ಸ್‌ಪ್ರೆಸ್ ಹತ್ತಿದರೆ ಅನ್ನವರಂ, ಸಾಮರ್ಲಕೋಟ, ರಾಜಮಹೇಂದ್ರವರಂ, ಏಲೂರು ದಾಟಿ ಸಂಜೆಗೆ ಕೃಷ್ಣೆಯ ದಡ. ಆ ಬಾರಿ ಕೆಲಸ ಬೇಗ ಮುಗಿದುದರಿಂದ ಬಂದರು ರಸ್ತೆಯ ಹಳೆಯ ವಿಕ್ಟೋರಿಯಾ ಜುಬಿಲಿ ಮ್ಯೂಸಿಯಂಗೆ ಹೋದೆವು. ಈಗ ಅದಕ್ಕೆ ಬಾಪು ಮ್ಯೂಸಿಯಂ ಎಂಬ ಹೆಸರು. 1887ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದವರು ಆಗ ಕೃಷ್ಣಾ ಜಿಲ್ಲೆಯ ಕಲೆಕ್ಟರ್ ಆಗಿದ್ದ ರಾಬರ್ಟ್ ಸ್ಯೂಯೆಲ್. ಮುಂದೆ 1900ರಲ್ಲಿ 'ಎ ಫರ್ಗಾಟನ್ ಎಂಪೈರ್' ಬರೆದು, ವಿಜಯನಗರವನ್ನು ಮರೆವಿನಿಂದ ಎತ್ತಿ ಲೋಕದ ಮುಂದಿಟ್ಟ ಅದೇ ಸ್ಯೂಯೆಲ್. ಬಳ್ಳಾರಿಯ ನಮ್ಮ ಗೆಳೆಯರಿಗೆ ಇದನ್ನು ಕೇಳಿದ ಮೇಲೆ ಮ್ಯೂಸಿಯಂನ ಉಳಿದ ಯಾವ ವಸ್ತುವಿನ ಮೇಲೂ ಗಮನ ನಿಲ್ಲಲಿಲ್ಲ.

ಆದರೆ ನಾವು ಹೋದದ್ದು ಇನ್ನೊಬ್ಬರನ್ನು ಹುಡುಕಿಕೊಂಡು. 1921ರ ಮಾರ್ಚ್ 31 ಮತ್ತು ಏಪ್ರಿಲ್ 1ರಂದು ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಸಭೆ ಅಂದಿನ ಬೆಜವಾಡದಲ್ಲಿ ನಡೆಯಿತು. ಪಿಂಗಳಿ ವೆಂಕಯ್ಯನವರು ಗಾಂಧೀಜಿಗೆ ಧ್ವಜದ ನಮೂನೆ ಕೊಟ್ಟದ್ದು ಆಗ, ಈ ಕಟ್ಟಡದಲ್ಲಿಯೇ ಎಂದು ಊರವರು ಹೇಳುತ್ತಾರೆ. ಗೋಡೆಗಳು ಸಾಕ್ಷಿ ನುಡಿಯುವುದಿಲ್ಲ. ಗಾಂಧೀಜಿ ಅದೇ ಏಪ್ರಿಲ್ 13ರ 'ಯಂಗ್ ಇಂಡಿಯಾ'ದಲ್ಲಿ ಬರೆದ ಲೇಖನ ನುಡಿಯುತ್ತದೆ.

ಆ ಲೇಖನದ ಪ್ರಕಾರ ಧ್ವಜದಲ್ಲಿ ಚರಕ ಇರಬೇಕೆಂದು ಸೂಚಿಸಿದವರು ಜಲಂಧರದ ಲಾಲಾ ಹಂಸರಾಜ್. ಕೆಂಪು ಮತ್ತು ಹಸಿರು ಹಿನ್ನೆಲೆಯ ಮೇಲೆ ಚರಕವಿರುವ ನಮೂನೆಯೊಂದನ್ನು ಮಾಡಿಕೊಡಲು ಗಾಂಧೀಜಿ ವೆಂಕಯ್ಯನವರನ್ನು ಕೇಳಿದರು. ಮೂರು ಗಂಟೆಗಳಲ್ಲಿ ಧ್ವಜ ಕೈಗೆ ಬಂತು. ಆದರೂ ಸಭೆಯ ಮುಂದಿಡಲು ಸ್ವಲ್ಪ ತಡವಾಗಿತ್ತು. ಆ ತಡ ಒಳ್ಳೆಯದೇ ಆಯಿತೆಂದು ಗಾಂಧೀಜಿ ಬರೆಯುತ್ತಾರೆ. ಆಮೇಲೆ ಯೋಚಿಸಿದಾಗ, ಉಳಿದ ಧರ್ಮದವರನ್ನೂ ಒಳಗೊಳ್ಳಲು ಬಿಳಿಯ ಬಣ್ಣ ಸೇರಬೇಕೆಂದು ಅವರಿಗೆ ತೋಚಿತಂತೆ. ಬೆಜವಾಡದ ಸಭೆಯಲ್ಲೇ ಧ್ವಜ ಅಂಗೀಕಾರವಾಯಿತೆಂದು ನಾವೆಲ್ಲ ಓದಿಕೊಂಡಿದ್ದೇವಲ್ಲ, ನಡೆದದ್ದು ಅಷ್ಟು ಸರಳವಲ್ಲ. ಸಭೆಗೆ ಅದು ತಲುಪಲೇ ಇಲ್ಲ. ಮೂರು ಗಂಟೆ ಉಸಿರು ಬಿಗಿಹಿಡಿದು ಮಾಡಿದ ಕೆಲಸ ತಡವಾಯಿತು, ಅದರಲ್ಲೂ ಒಂದು ಬಣ್ಣ ಕಡಿಮೆ ಎಂದು ಕೇಳಿಸಿಕೊಂಡಾಗ ಯಾರಿಗಾದರೂ ಮನಸ್ಸು ಮುದುಡಬೇಕು. ವೆಂಕಯ್ಯನವರು ಅದಕ್ಕಾಗಿ ಜಗಳವಾಡಿದ ದಾಖಲೆ ಎಲ್ಲಿಯೂ ಕಾಣಸಿಗುವುದಿಲ್ಲ.

ಅದೇ ಲೇಖನದಲ್ಲಿ ಇನ್ನೊಂದು ಸಂಗತಿಯಿದೆ. ನಮಗೆ ಅದು ಹೆಚ್ಚು ಮುಖ್ಯವೆನಿಸಿತು. ಹಿಂದಿನ ನಾಲ್ಕು ವರ್ಷ ಕಾಂಗ್ರೆಸ್ಸಿನ ಪ್ರತಿಯೊಂದು ಅಧಿವೇಶನದಲ್ಲೂ ವೆಂಕಯ್ಯನವರು ಧ್ವಜದ ಮಾತೆತ್ತುತ್ತಲೇ ಬಂದದ್ದನ್ನು ಗಾಂಧೀಜಿ ಮೆಚ್ಚಿ ನೆನೆಯುತ್ತಾರೆ. 1916ರಷ್ಟು ಹಿಂದೆಯೇ ವೆಂಕಯ್ಯನವರು ಭಾರತಕ್ಕೊಂದು ರಾಷ್ಟ್ರಧ್ವಜ ಬೇಕೆಂಬ ಪುಸ್ತಿಕೆಯನ್ನು ಮೂವತ್ತರಷ್ಟು ನಮೂನೆಗಳೊಂದಿಗೆ ಅಚ್ಚು ಹಾಕಿಸಿದ್ದರು. ಅಹಂಕಾರವಿಲ್ಲದವರೆಂದರೆ ಮೂಲೆಯಲ್ಲಿ ಬಾಯಿ ಮುಚ್ಚಿ ಕೂರುವವರೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇವರು ಹಾಗಿರಲಿಲ್ಲ. ಬಿಡದೆ ಕಾಡಿದರು, ಓಡಾಡಿದರು, ಕಂಡವರಿಗೆಲ್ಲ ತೋರಿಸಿದರು. ಕಾಡಿದ್ದು ಧ್ವಜಕ್ಕಾಗಿ. ಆ ಧ್ವಜದಲ್ಲಿ ಹಂಸರಾಜರ ಚರಕ ಬಂದಾಗ, ಗಾಂಧೀಜಿಯ ಬಿಳಿ ಸೇರಿದಾಗ, ಮುಂದೆ ಚರಕವೇ ಹೋಗಿ ಚಕ್ರ ಬಂದಾಗ, ತಮ್ಮದೆನ್ನಲು ಏನು ಉಳಿಯಿತೆಂದು ಲೆಕ್ಕ ಹಾಕುತ್ತ ಕೂರಲಿಲ್ಲ.

ಯಾರಿವರು? 1876ರ ಆಗಸ್ಟ್ 2ರಂದು ಮಚಲೀಪಟ್ಟಣದ ಸಮೀಪದ ಭಟ್ಲಪೆನುಮರ್ರುವಿನಲ್ಲಿ ಹುಟ್ಟಿದವರು. ಹತ್ತೊಂಬತ್ತರ ವಯಸ್ಸಿಗೆ ಸೈನ್ಯ ಸೇರಿ, ಬೋಯರ್ ಯುದ್ಧದ ಕಾಲಕ್ಕೆ ದಕ್ಷಿಣ ಆಫ್ರಿಕಾ ಕಂಡವರು. ಹಿಂದಿರುಗಿದ ಮೇಲೆ ಕೆಲಕಾಲ ರೈಲ್ವೆ ಗಾರ್ಡ್ ಕೆಲಸ. ಆಮೇಲೆ ನಮ್ಮ ಬಳ್ಳಾರಿಯಲ್ಲಿ ಪ್ಲೇಗ್ ಇನ್‌ಸ್ಪೆಕ್ಟರ್ ಹುದ್ದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಳ್ಳಾರಿ ಆಗ ಮದರಾಸು ಪ್ರಾಂತದಲ್ಲಿತ್ತು. ಪ್ಲೇಗ್ ಬಂದಿತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳನ್ನು ನಮ್ಮ ಅಜ್ಜ ಅಜ್ಜಿಯರಿಂದ ಕೇಳಿದ್ದೇವೆ. ಪ್ಲೇಗಮ್ಮನ ಗುಡಿಗಳು ಇಂದಿಗೂ ನಮ್ಮಲ್ಲಿವೆ. ಪ್ಲೇಗ್ ಇನ್‌ಸ್ಪೆಕ್ಟರ್ ಎಂದರೆ ಯಾರೂ ಬಾಗಿಲು ತೆರೆಯಲು ಬಯಸದ ಮನುಷ್ಯ. ಇಲಿ ಬಿದ್ದ ಮನೆಗೆ ಹೋಗಬೇಕು, ಜ್ವರದವರನ್ನು ಬೇರ್ಪಡಿಸಬೇಕು, ಹಾಸಿಗೆ ಬಟ್ಟೆ ಸುಡಿಸಬೇಕು. ಶಾಪ ಹಾಕಿಸಿಕೊಂಡು ಜೀವ ಉಳಿಸುವ ಕೆಲಸವದು. ನಮ್ಮ ಬಳ್ಳಾರಿಯ ಗೆಳೆಯರು, 'ನಮ್ಮ ಮುತ್ತಜ್ಜನ ಮನೆಗೂ ಬಂದಿರಬಹುದು, ಬಾಗಿಲು ಹಾಕಿಕೊಂಡಿರುತ್ತಾರೆ' ಎಂದು ನಕ್ಕರು. ಧ್ವಜದ ಕಥೆಯಲ್ಲಿ ಬಳ್ಳಾರಿಯ ಈ ಅಧ್ಯಾಯವನ್ನು ಒಂದು ಸಾಲಿಗಿಂತ ಹೆಚ್ಚು ಬರೆದವರನ್ನು ನಾವು ಕಂಡಿಲ್ಲ.

ಆಮೇಲಿನ ಬದುಕು ಹತ್ತು ದಿಕ್ಕಿಗೆ ಹರಿಯಿತು. ಲಾಹೋರಿನಲ್ಲಿ ಜಪಾನಿ ಭಾಷೆ ಕಲಿತು 'ಜಪಾನ್ ವೆಂಕಯ್ಯ' ಎನಿಸಿಕೊಂಡರು. ಕಾಂಬೋಡಿಯಾ ತಳಿಯ ಹತ್ತಿಯನ್ನು ಅಭ್ಯಾಸ ಮಾಡಿ 'ಪತ್ತಿ ವೆಂಕಯ್ಯ' ಆದರು. ತೆಲುಗಿನ ಪತ್ತಿಯೇ ನಮ್ಮ ಹತ್ತಿ. ಭೂವಿಜ್ಞಾನದ ಆಸಕ್ತಿಯಿಂದ 'ಡೈಮಂಡ್ ವೆಂಕಯ್ಯ' ಎಂಬ ಹೆಸರೂ ಬಂತು. ಮಚಲೀಪಟ್ಟಣದ ಆಂಧ್ರ ಜಾತೀಯ ಕಲಾಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಜನ ಕೊಟ್ಟ ಇಷ್ಟು ಅಡ್ಡಹೆಸರುಗಳನ್ನು ಹೊತ್ತ ಮನುಷ್ಯನ ನಿಜವಾದ ಹೆಸರು ಮಾತ್ರ ದೇಶದ ನೆನಪಿನಲ್ಲಿ ನಿಲ್ಲಲಿಲ್ಲ.

1931ರ ಕರಾಚಿ ಅಧಿವೇಶನ ಧ್ವಜದ ಬಗ್ಗೆ ಏಳು ಜನರ ಸಮಿತಿಯೊಂದನ್ನು ನೇಮಿಸಿತು. ಪಟೇಲ್, ನೆಹರೂ, ಆಜಾದ್, ತಾರಾ ಸಿಂಗ್, ಕಾಲೇಲ್ಕರ್, ಮಚಲೀಪಟ್ಟಣದವರೇ ಆದ ಪಟ್ಟಾಭಿ ಸೀತಾರಾಮಯ್ಯ, ಮತ್ತು ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ ಅದರಲ್ಲಿದ್ದರು. ವೆಂಕಯ್ಯನವರು ಇರಲಿಲ್ಲ. ಸಮಿತಿ ಪೂರ್ತಿ ಕೇಸರಿ ಬಣ್ಣದ ಧ್ವಜವನ್ನು ಶಿಫಾರಸು ಮಾಡಿತು; ಕಾಂಗ್ರೆಸ್ ಸಮಿತಿ ಒಪ್ಪದೆ, ಆಗಸ್ಟಿನಲ್ಲಿ ಕೇಸರಿ, ಬಿಳಿ, ಹಸಿರಿನ ಮೇಲೆ ಚರಕವಿರುವ ತ್ರಿವರ್ಣವನ್ನು ಸ್ವೀಕರಿಸಿತು. 1947ರ ಜುಲೈ 22ರಂದು ಸಂವಿಧಾನ ಸಭೆ ಚರಕದ ಜಾಗದಲ್ಲಿ ಇಪ್ಪತ್ತನಾಲ್ಕು ಅರೆಗಳ ಚಕ್ರವಿಟ್ಟು ಇಂದಿನ ಧ್ವಜವನ್ನು ಅಂಗೀಕರಿಸಿತು. ಇಂದಿನ ಧ್ವಜವನ್ನು ರೂಪಿಸಿದವರು ವೆಂಕಯ್ಯನವರೊಬ್ಬರೇ ಎಂದರೆ ಅದು ಅತಿಶಯ. ಅದು ಹಲವರ ಕೈ ದಾಟಿ ಬಂದದ್ದು. ಆದರೆ ಯಾರೂ ಕೇಳದ ಕಾಲದಲ್ಲಿ ಅದರ ಬೆನ್ನು ಹತ್ತಿದವರು ಅವರು.

1963ರ ಜುಲೈ 4ರಂದು ವಿಜಯವಾಡದಲ್ಲಿ, ಬಡತನದಲ್ಲಿ ಅವರು ತೀರಿಕೊಂಡರು. ತಮ್ಮ ದೇಹಕ್ಕೆ ತ್ರಿವರ್ಣ ಹೊದಿಸಿ, ಬಳಿಕ ಅದನ್ನು ಅಲ್ಲಿನ ಅರಳಿಮರಕ್ಕೆ ಕಟ್ಟಬೇಕೆಂದು ಕೇಳಿಕೊಂಡಿದ್ದರೆಂದು ಹೇಳುತ್ತಾರೆ. ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದದ್ದು 2009ರಲ್ಲಿ, ತೀರಿಕೊಂಡ ನಲವತ್ತಾರು ವರ್ಷಗಳ ಮೇಲೆ.

ಮರುದಿನ ಬೆಳಗಿನ ರತ್ನಾಚಲದಲ್ಲಿ ಹಿಂದಿರುಗುವಾಗ ಸಾಮರ್ಲಕೋಟ ಬಂತು. ಅಲ್ಲಿಂದ ಕಾಕಿನಾಡ ಹತ್ತಿರ. ಧಾರವಾಡದವರು ಕಿಟಕಿಯತ್ತ ಕೈ ತೋರಿ, 'ನಮ್ಮ ಹರ್ಡೀಕರರ ಕಥಿ ಅಲ್ಲಿಂದನ ಸುರು ಆಗೂದು' ಎಂದರು. ನಿಜ. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದವರಲ್ಲಿ ಹರ್ಡೀಕರರೂ ಅವರ ಹುಬ್ಬಳ್ಳಿಯ ಸೇವಾ ಮಂಡಲದ ಸ್ವಯಂಸೇವಕರೂ ಇದ್ದರು. ಕ್ಷಮಾಪಣೆ ಬರೆದುಕೊಟ್ಟರೆ ಬಿಡುಗಡೆ ಎಂದಾಗ ಹುಬ್ಬಳ್ಳಿಯವರು ಬರೆದುಕೊಡಲಿಲ್ಲ. ಆ ಶಿಸ್ತು ಎಲ್ಲರ ಕಣ್ಣಿಗೆ ಬಿತ್ತು. ಅದೇ ಡಿಸೆಂಬರಿನ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟುವ ನಿರ್ಣಯವಾಯಿತು. ಅಧ್ಯಕ್ಷರು ನೆಹರೂ, ಊರೂರಿಗೆ ಅಲೆದು ದಳ ಕಟ್ಟಿದವರು ಅಮೆರಿಕದ ಮಿಶಿಗನ್‌ನಲ್ಲಿ ಓದಿಬಂದಿದ್ದ ಈ ವೈದ್ಯರು. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಧ್ವಜವಂದನೆ ಮಾಡುವ ರೂಢಿಯನ್ನು ಹಬ್ಬಿಸಿದ್ದು ಸೇವಾದಳ. ಧ್ವಜದ ಮುಂದೆ ಸಾಲಾಗಿ, ಮಾತಿಲ್ಲದೆ, ನೆಟ್ಟಗೆ ನಿಲ್ಲುವುದನ್ನು ಈ ದೇಶದ ಜನಸಾಮಾನ್ಯರಿಗೆ ಕಲಿಸಿದವರಲ್ಲಿ ಹುಬ್ಬಳ್ಳಿಯ ಡಾಕ್ಟರು ಮೊದಲಿಗರು. 1958ರಲ್ಲಿ ಪದ್ಮಭೂಷಣ ಬಂತು, ಅಷ್ಟಾದರೂ ಆಯಿತು.

ಹರ್ಡೀಕರರ ಜೊತೆ ನೆನೆಯಬೇಕಾದವರು ಉಮಾಬಾಯಿ ಕುಂದಾಪುರ. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಇಪ್ಪತ್ತೈದರ ಹರೆಯಕ್ಕೆ ವಿಧವೆಯಾದವರು. ಮಾವ ಆನಂದರಾಯರು ಸೊಸೆಯನ್ನು ಮೂಲೆಗೆ ಕೂರಿಸದೆ ಓದಿಗೂ ಸಾರ್ವಜನಿಕ ಕೆಲಸಕ್ಕೂ ಕಳಿಸಿದರು. ಆ ಕಾಲಕ್ಕೆ ಅದೇ ಒಂದು ದೊಡ್ಡ ಕೆಲಸ. ಹುಬ್ಬಳ್ಳಿಯ ಭಗಿನಿ ಮಂಡಲ, ತಿಲಕ ಕನ್ಯಾಶಾಲೆ, ಸೇವಾದಳದ ಮಹಿಳಾ ವಿಭಾಗ ಎಲ್ಲವೂ ಅವರ ಹೆಗಲ ಮೇಲಿದ್ದವು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾದ ಬೆಳಗಾವಿ ಅಧಿವೇಶನಕ್ಕೆ ಮನೆಮನೆ ತಿರುಗಿ ನೂರೈವತ್ತರಷ್ಟು ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರಾಗಿ ಕರೆತಂದರು. ಅವರಲ್ಲಿ ಹಲವರು ವಿಧವೆಯರು. 1932ರಲ್ಲಿ ಯರವಡಾ ಜೈಲು. 1942ರಲ್ಲಿ ಭೂಗತ ಹೋರಾಟಗಾರರಿಗೆ ಅವರ ಪುಟ್ಟ ಮನೆಯೇ ಆಸರೆ. ಅಲ್ಲಿ ಯಾರು ಉಂಡರು, ಯಾರು ಹೋದರು ಎಂಬುದಕ್ಕೆ ಲೆಕ್ಕವಿರಲಿಲ್ಲ, ಇಡುವಂತೆಯೂ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಹುದ್ದೆ, ಪಿಂಚಣಿ, ತಾಮ್ರಪತ್ರ ಯಾವುದನ್ನೂ ಅವರು ತೆಗೆದುಕೊಳ್ಳಲಿಲ್ಲ. ಹರ್ಡೀಕರರು ಕೊಟ್ಟ 'ಆನಂದ ಸ್ಮೃತಿ' ಎಂಬ ಸಣ್ಣ ಮನೆಯಲ್ಲಿ ಇದ್ದುಕೊಂಡು 1992ರಲ್ಲಿ, ನೂರರ ಅಂಚಿನಲ್ಲಿ ತೀರಿಕೊಂಡರು.

ವೆಂಕಯ್ಯ ಮತ್ತು ಉಮಾಬಾಯಿ ಇಬ್ಬರನ್ನೂ ಒಂದೇ ಉಸಿರಿನಲ್ಲಿ ನಿಃಸ್ವಾರ್ಥಿಗಳೆಂದು ಹೊಗಳಿ ಮುಗಿಸುವುದು ಸುಲಭ. ರೈಲಿನಲ್ಲಿ ನಮ್ಮೊಳಗೆ ಎದ್ದ ವಾದ ಇದರ ಮೇಲೆಯೇ. ಉಮಾಬಾಯಿ ಬೇಡವೆಂದರು, ಏಕೆಂದರೆ ಅವರ ಮುಂದೆ ತಾಮ್ರಪತ್ರವಿತ್ತು. ವೆಂಕಯ್ಯನವರಿಗೆ ಬೇಡವೆನ್ನುವ ಅವಕಾಶವನ್ನಾದರೂ ಯಾರು ಕೊಟ್ಟರು? ಕೊಡದೆ ಇದ್ದುದನ್ನು ಅವರ ತ್ಯಾಗದ ಖಾತೆಗೆ ಬರೆದುಕೊಳ್ಳುವುದು ನಮ್ಮ ಸಾಲವನ್ನು ನಾವೇ ಮನ್ನಾ ಮಾಡಿಕೊಂಡಂತೆ. ಅವರಿಗೆ ಹೆಸರಿನ ಆಸೆ ಇರಲಿಲ್ಲ ಎಂದು ಹೇಳಿ ನಾವು ನಮ್ಮ ಮರೆವಿಗೆ ಪುಣ್ಯದ ಬಣ್ಣ ಬಳಿಯುತ್ತೇವೆ. ಶಿವಮೊಗ್ಗದವರು ಇದನ್ನು ಒಪ್ಪಲಿಲ್ಲ. ಮಾಡಿದೆನೆಂಬ ಭಾವವನ್ನೇ ಸಂಶಯದಿಂದ ಕಂಡ, ವಚನದ ಕೊನೆಗೆ ತಮ್ಮ ಹೆಸರಿನ ಬದಲು ಇಷ್ಟದೈವದ ಅಂಕಿತವಿಟ್ಟ ಶರಣರ ನಾಡಿನವರು ನಾವು. ಹೆಸರಿನ ಮಾತೇಕೆ ಎಂದರು. ಅದಕ್ಕೆ ಬಳ್ಳಾರಿಯವರ ಉತ್ತರ: ಬೇಲೂರಿನ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ಹೆಸರು ಕೆತ್ತಿದ್ದಾರೆ, ಅದರಿಂದ ಮದನಿಕೆಯ ಚೆಲುವು ಕುಂದಿತೇ? ದಾಸೋಜನ ಹೆಸರು ನಮಗೆ ಗೊತ್ತಿರುವುದು ಅದರಿಂದಲ್ಲವೇ? ತುನಿಯವರೆಗೂ ಇದು ತೀರ್ಮಾನವಾಗಲಿಲ್ಲ. ಈ ಬರಹ ಓದುವವರ ಮುಂದೆಯೂ ಅದನ್ನು ತೀರ್ಮಾನಿಸದೆಯೇ ಇಡುತ್ತಿದ್ದೇವೆ. ಹೊಗಳಿಕೆ ಬೇಡವೆನ್ನುವ ಹಕ್ಕು ಮಾಡಿದವರದು, ನೆನಪಿಡುವ ಕೆಲಸ ಉಳಿದವರದು ಎಂಬಷ್ಟಕ್ಕೆ ಮಾತ್ರ ಮೂವರೂ ಒಪ್ಪಿದೆವು.

ಇನ್ನು ಆ ಮುದ್ರೆಯ ಕಥೆ. ಧಾರವಾಡದ ಬಳಿಯ ಗರಗ ಧ್ವಜದ ಖಾದಿ ನೇಯ್ದು ಹೆಸರಾದ ಊರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಆರಂಭವಾಯಿತು. 2005-06ರ ಸುಮಾರಿಗೆ ರಾಷ್ಟ್ರಧ್ವಜ ತಯಾರಿಸಲು ಅದಕ್ಕೆ ಭಾರತೀಯ ಮಾನಕ ಬ್ಯೂರೊದ ಮಾನ್ಯತೆ ದೊರೆಯಿತು. ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ಬಟ್ಟೆ ನೇಯುತ್ತಾರೆ. ಬೆಂಗೇರಿಯಲ್ಲಿ ಬಣ್ಣ, ಚಕ್ರದ ಅಚ್ಚು, ಹೊಲಿಗೆ. ಕೊನೆಗೆ ಹಗ್ಗ ಮತ್ತು ಮರದ ಗುಬ್ಬಿ. ಉದ್ದ ಅಗಲ ಮೂರಕ್ಕೆ ಎರಡು. ಅಳತೆಗಳು ಒಂಬತ್ತು, ಎಲ್ಲಕ್ಕೂ ದೊಡ್ಡದು 6300 ಮಿ.ಮೀ. ಉದ್ದ, 4200 ಮಿ.ಮೀ. ಅಗಲ. ಎಳೆಯ ಎಣಿಕೆ, ಬಣ್ಣದ ಛಾಯೆ, ಹೊಲಿಗೆಯ ನೇರ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಸ್ವಲ್ಪ ತಪ್ಪಿದರೂ ತಿರಸ್ಕಾರ. ನೂಲುವವರು, ನೇಯುವವರು, ಹೊಲಿಯುವವರು ಬಹುಮಟ್ಟಿಗೆ ಹೆಣ್ಣುಮಕ್ಕಳು. ಪಟ್ಟಿಯ ಮೇಲೆ ಸಂಸ್ಥೆಯ ಮುದ್ರೆ ಬೀಳುತ್ತದೆ, ನೂತವಳ ಹೆಸರು ಬೀಳುವುದಿಲ್ಲ. ಬೀಳುವುದು ಸಾಧ್ಯವೂ ಅಲ್ಲ. ಒಂದು ಧ್ವಜದಲ್ಲಿ ಎಷ್ಟು ಮನೆಗಳ ನೂಲು ಸೇರಿದೆಯೋ!

2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಧ್ವಜಕ್ಕೂ ಯಂತ್ರದ ತಯಾರಿಕೆಗೂ ಅನುಮತಿ ಬಂತು. ಬೆಂಗೇರಿಯವರು ಆಕ್ಷೇಪ ಎತ್ತಿದರು. ಸರ್ಕಾರಿ ನೌಕರರಾದ ನಾವು ಇದರ ಮೇಲೆ ಹೆಚ್ಚು ಮಾತಾಡುವಂತಿಲ್ಲ. ಆದರೆ ಎರಡೂ ಬಗೆಯ ಧ್ವಜವನ್ನು ಕೈಯಲ್ಲಿ ಹಿಡಿದು ಮಡಿಸಿದವರಾಗಿ ಇಷ್ಟು ಹೇಳಬಹುದು: ಖಾದಿಯ ಧ್ವಜ ಮಡಿಸಿದಂತೆ ಮಡಿಯುತ್ತದೆ, ಕೈಯ ಮಾತು ಕೇಳುತ್ತದೆ.

ಆಗಸ್ಟ್ ಹತ್ತಿರ ಬಂದಾಗ ಬಾಬಾಯ್‌ಗೆ ಫೋನ್ ಮಾಡಿದೆವು. ಜನವರಿಯಲ್ಲಿ ನಡೆದದ್ದನ್ನು ಹೇಳಿ, ಇಷ್ಟು ವರ್ಷ ನಿಮ್ಮನ್ನು ಒಂದು ಮಾತು ಕೇಳಲಿಲ್ಲ ಬಾಬಾಯ್ ಎಂದಾಗ ಅವರು, 'ಅದರಲ್ಲೇನಿದೆ ಸಾರ್, ಗಂಟು ತಾನೇ' ಎಂದು ನಕ್ಕರು. 14ರ ಸಂಜೆ ಕಚೇರಿ ಖಾಲಿಯಾದ ಮೇಲೆ ಬಂದರು. ಧ್ವಜದ ಮೇಲೆ ಅಭ್ಯಾಸ ಮಾಡಬಾರದೆಂದು ಮನೆಯಿಂದ ಒಂದು ಟವಲು ತಂದಿದ್ದರು. ಅದನ್ನು ಉದ್ದಕ್ಕೆ ಮಡಿಸಿ, ಸುತ್ತಿ, ಹಗ್ಗದ ಒಂದು ಎಳೆಯನ್ನು ಕುಣಿಕೆ ಮಾಡಿ ತೂರಿಸಿದರು. ತುದಿಯನ್ನು ಪೂರ್ತಿ ಎಳೆದುಕೊಳ್ಳಬಾರದು, ಎಳೆದರೆ ಜಾರುಗಂಟು ಕುರುಡುಗಂಟು ಆಗುತ್ತದೆ. ಇಲ್ಲಿಯ ಉಪ್ಪುಗಾಳಿಗೆ ಹಗ್ಗ ರಾತ್ರಿಯೆಲ್ಲ ತೇವ ಹೀರಿ ಉಬ್ಬುತ್ತದೆ, ಅದಕ್ಕೇ ಹಿಂದಿನ ದಿನ ಕಟ್ಟಿಡದೆ ಬೆಳಗಿನ ಜಾವ ಕಟ್ಟಬೇಕು. ಹೂವು ಒಂದು ಹಿಡಿಗಿಂತ ಹೆಚ್ಚು ಬೇಡ. ನಾವು ಕಟ್ಟಿದ ಮೊದಲ ಎರಡು ಗಂಟು ಬಿಚ್ಚಲಿಲ್ಲ. ಮೂರನೆಯದು ಬಿಚ್ಚಿತು, ಟವಲು ಗಾಳಿಗೆ ಹರಡಿಕೊಂಡಿತು.

ನಾಳೆ ಬಂದು ಮುಂದಿನ ಸಾಲಿನಲ್ಲಿ ಕೂರಬೇಕು, ಅಧಿಕಾರಿಗಳಿಗೆ ಹೇಳಿದ್ದೇವೆ ಎಂದೆವು. ಬಾಬಾಯ್ ಟವಲು ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತ, 'ನಾಳೆ ಆಗುವುದಿಲ್ಲ ಸಾರ್, ಮೊಮ್ಮಗನ ಶಾಲೆಯಲ್ಲಿ ಗಂಟು ಕಟ್ಟಿಕೊಡುತ್ತೇನೆಂದು ಒಪ್ಪಿಕೊಂಡಿದ್ದೇನೆ' ಎಂದು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.